ಲ್ಯಾಂಗೊಲೆನ್ನಿನ ಒಡತಿಯರು

ಉಗಿಬಂಡಿಗಳು ಇನ್ನೂ ಬಾರದಿದ್ದ ಕಾಲದಲ್ಲಿ ಲಂಡನ್ನಿನಿಂದ ಐರ್ಲೆಂಡಿಗೆ ಹೋಗಬೇಕಾದವರು ಕುದುರೆಯ ಸಾರೋಟಿನಲ್ಲಿ ವೇಲ್ಸ್ ದೇಶದ ಬೆಟ್ಟಗಳ ನಡುವೆ ಸಾಗಿ, ಹೋಲಿಹೆಡ್ ಎಂಬ ರೇವಿನಲ್ಲಿ ಹಡಗು ಹತ್ತುತ್ತಿದ್ದರು. ಆ ಮಾರ್ಗದಲ್ಲಿ ಡೀ ನದಿಯ ದಂಡೆಯ ಮೇಲೆ ಲ್ಯಾಂಗೊಲೆನ್ ಎಂಬುದೊಂದು ಸಣ್ಣ ಊರು. ಊರಿನಿಂದ ತುಸು ಮೇಲೆ, ತೋಟದ ನಡುವೆ ಒಂದು ಮನೆ. ಪ್ರಯಾಣಿಕರಲ್ಲಿ ಪ್ರತಿಷ್ಠಿತರಾದವರು ಆ ಮನೆಗೆ ಮೊದಲು ಒಂದು ಚೀಟಿಯನ್ನು ಕಳುಹಿಸಿ, ಒಳಕ್ಕೆ ಬರಲು ಅಪ್ಪಣೆಯಾಗುವುದೋ ಇಲ್ಲವೋ ಎಂದು ಕಾಯುತ್ತಿದ್ದರು. ಅಪ್ಪಣೆಯಾದರೆ, ಗಿಡ್ಡಗೆ ಕತ್ತರಿಸಿದ ಕೂದಲಿಗೆ ಪುಡಿ ಹಾಕಿಕೊಂಡು, ಕುದುರೆಸವಾರಿಯ ಕಪ್ಪು ಉಡುಪನ್ನು ತೊಟ್ಟು, ಗಂಡಸರ ಎತ್ತರದ ಟೋಪಿ ಧರಿಸಿದ ಇಬ್ಬರು ಸ್ತ್ರೀಯರು ಅವರನ್ನು ಎದುರುಗೊಳ್ಳುತ್ತಿದ್ದರು. ಹಿರಿಯಳ ಹೆಸರು ಎಲಿನರ್ ಬಟ್ಲರ್. ಕಿರಿಯಳು ಸಾರಾ ಪಾನ್ಸನ್‌ಬಿ. ಅವರಿಬ್ಬರು ಆ ಮನೆಯಲ್ಲಿ ಒಟ್ಟಿಗೆ ಬಾಳಿದುದು ಸುಮಾರು ಐವತ್ತು ವರ್ಷ.

ಅಲ್ಲಿಗೆ ಬಂದವರ ಪಟ್ಟಿಯನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಕವಿ ವರ್ಡ್ಸ್‌ವರ್ತನು 1824ನೆಯ ಇಸವಿಯಲ್ಲಿ ಬಂದನು. ಕಾದಂಬರಿಕಾರನಾದ ಸರ್ ವಾಲ್ಟರ್ ಸ್ಕಾಟನು 1825ರಲ್ಲಿ ಬಂದನು. ವರ್ಡ್ಸ್‌ವರ್ತನು ಅವರ ಮೇಲೆ ಒಂದು ಸುನೀತವನ್ನೇ ಬರೆದನು. ಆದರೆ ಅದರಲ್ಲಿ ಅವರ ಮನೆಯನ್ನು ತಗ್ಗಾದ ಗುಡಿಸಲೆಂದು ವರ್ಣಿಸಿಬಿಟ್ಟುದರಿಂದ ಒಡತಿಯರಿಗೆ ಸಿಟ್ಟು ಬಂದು, ಇದಕ್ಕಿಂತ ಚೆನ್ನಾದ ಪದ್ಯವನ್ನು ತಾವೇ ಬರೆಯಬಲ್ಲೆವೆಂದರಂತೆ. ಮನೆಯ ವಿಷಯದಲ್ಲಿ ಅವರ ಅಭಿಮಾನ ಅಂತಹುದು. ಇನ್ನೊಬ್ಬ ಅತಿಥಿಯನ್ನು ನಮ್ಮ ವಾಚಕರೂ ಬಲ್ಲರು. 1799ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿದ ಸೈನ್ಯದಲ್ಲಿ ದಂಡನಾಯಕನಾಗಿದ್ದು, ಪಟ್ಟಣ ಬಿದ್ದ ಬಳಿಕ ಅದರ ಆಡಳಿತವನ್ನು ವಹಿಸಿಕೊಂಡು ದರಿಯಾ ದೌಲತ್ತಿನಲ್ಲಿ ಬಿಡಾರ ಮಾಡಿದ್ದ ಆರ್ಥರ್ ವೆಲ್ಲೆಸ್ಲಿ, ಎಂದರೆ ಮುಂದೆ ವೆಲಿಂಗ್ಟನ್ ಡ್ಯೂಕನೆಂದು ಹೆಸರಾದವನು, ಈ ಮನೆಗೆ ಹಳೆಯ ಪರಿಚಿತ. ಆತನ ತಾಯಿಯ ತೌರು ಅಲ್ಲಿಗೆ ಹತ್ತಿರ. 1808ರಲ್ಲಿ ಆತನು ಸ್ಪೇನ್ ಪರ್ಯಾಯದ್ವೀಪದ ಯುದ್ಧಕ್ಕೆ ಹೊರಟಾಗ ಎಲಿನರಳು ಆತನ ಕೈಗೆ ಸ್ಪಾನಿಷ್ ಭಾಷೆಯ ಒಂದು ಪ್ರಾರ್ಥನಾ ಪುಸ್ತಕವನ್ನು ಕೊಟ್ಟಳೆಂದೂ, ಹಡಗಿನಲ್ಲಿ ಅದನ್ನು ಓದಿಯೇ ಆತನು ಆ ಭಾಷೆಯನ್ನು ಕಲಿತನೆಂದೂ ಹೇಳುತ್ತಾರೆ.

ಇಷ್ಟು ದೊಡ್ಡವರು ಹುಡುಕಿಕೊಂಡು ಬರುವುದಕ್ಕೆ ಈ ಇಬ್ಬರು ಮಾಡಿದ್ದ ಘನಕಾರ್ಯವಾದರೂ ಏನು? ಅವರು ಕಾವ್ಯವನ್ನು ಬರೆದವರಲ್ಲ, ರಾಜ್ಯವನ್ನು ಆಳಿದವರಲ್ಲ. ಒಬ್ಬರನ್ನೊಬ್ಬರು ಬಿಟ್ಟಿರಲಾರದೆ ಮನೆ ಬಿಟ್ಟು ಹೊರಟುಹೋದರು. ಹೋದ ಮೇಲೆ ಒಂದು ಮನೆಯನ್ನು ಕಟ್ಟಿಕೊಂಡರು. ಅಷ್ಟೆ.

ಎಲಿನರಳು 1739ರಲ್ಲಿ ಹುಟ್ಟಿದವಳು. ಐರ್ಲೆಂಡಿನ ಕಿಲ್ಕೆನಿ ಎಂಬಲ್ಲಿ ಕೋಟೆಯಂತಹ ಅರಮನೆಯುಳ್ಳ ಹಳೆಯ ಕ್ಯಾಥೊಲಿಕ್ ಮನೆತನದ ಮಗಳು. ಫ್ರಾನ್ಸಿನ ಕ್ಯಾಂಬ್ರೆಯಲ್ಲಿ ಸನ್ಯಾಸಿನಿಯರ ಮಠದಲ್ಲಿ ಓದಿದ್ದಳು, ಪುಸ್ತಕವೆಂದರೆ ಪ್ರಾಣ, ಮಾತು ಚುರುಕು. ವಯಸ್ಸು ಮೂವತ್ತು ಸಮೀಪಿಸಿದರೂ ಮದುವೆಯಿಲ್ಲ. ಸಾರಾ 1755ರಲ್ಲಿ ಹುಟ್ಟಿದವಳು. ತಂದೆತಾಯಿಗಳಿಬ್ಬರನ್ನೂ ಚಿಕ್ಕಂದಿನಲ್ಲೇ ಕಳೆದುಕೊಂಡ ತಬ್ಬಲಿ. 1768ರಲ್ಲಿ, ಹದಿಮೂರರ ಪ್ರಾಯದಲ್ಲಿ, ಆಕೆಯನ್ನು ಕಿಲ್ಕೆನಿಯ ಒಂದು ಹೆಣ್ಣುಮಕ್ಕಳ ಶಾಲೆಗೆ ತಂದು ಸೇರಿಸಿದಾಗ, ಊರಿನ ಹಿರಿಯ ಮನೆತನದವರು ಮಗುವಿನ ಯೋಗಕ್ಷೇಮವನ್ನು ವಿಚಾರಿಸಿಕೊಳ್ಳಬೇಕೆಂದು ಬಂಧುಗಳು ಕೋರಿದರು. ವಿಚಾರಿಸಿಕೊಳ್ಳಲು ಹೋದವಳು ಎಲಿನರ್. ಮೊದಲು ಅದು ಗುರುಶಿಷ್ಯರ ಸ್ನೇಹ. ವರ್ಷಗಳು ಕಳೆದು, ಸಾರಾ ಶಾಲೆಯನ್ನು ಬಿಟ್ಟು ವುಡ್‌ಸ್ಟಾಕ್ ಎಂಬಲ್ಲಿದ್ದ ಬಂಧುಗಳ ಮನೆ ಸೇರಿದ ಮೇಲೆ, ಇಬ್ಬರಿಗೂ ಬದುಕಿನ ಆಸರೆಯೇ ಅದಾಯಿತು.

ಆಸರೆ ಬೇಕಾಗುವಂತಹ ಸ್ಥಿತಿಯೇ ಇಬ್ಬರದೂ. ವುಡ್‌ಸ್ಟಾಕಿನ ಯಜಮಾನನಾದ ಸರ್ ವಿಲಿಯಂ ಫೌನ್ಸ್ ಎಂಬಾತನು, ಹೆಂಡತಿಯು ಬದುಕಿರುವಾಗಲೇ, ಆಕೆ ತೀರಿಕೊಂಡರೆ ಈ ತಬ್ಬಲಿ ಹುಡುಗಿಯನ್ನು ವರಿಸಬೇಕೆಂದು ಯೋಚಿಸಿ ಆಕೆಯನ್ನು ಕಾಡಲಾರಂಭಿಸಿದನು. ಉಂಡ ಮನೆಯಲ್ಲಿ ಆಶ್ರಯದಾತನ ಮೇಲೆಯೇ ದೂರು ಹೇಳುವುದು ಹೇಗೆ? ಸಾಕಿದ ಬಂಧುವಿನ ಮನಸ್ಸನ್ನು ನೋಯಿಸಲಾರದೆ, ಸಾರಾ ಕುಟುಂಬದ ಸ್ನೇಹಿತೆಯೊಬ್ಬಳಿಗೆ ಮಾತ್ರ ಗುಟ್ಟಾಗಿ ಬರೆದು ಸುಮ್ಮನಿದ್ದಳು. ಅತ್ತ ಕಿಲ್ಕೆನಿಯಲ್ಲಿ, ನಲವತ್ತರ ಹತ್ತಿರಕ್ಕೆ ಬಂದ ಅವಿವಾಹಿತ ಮಗಳನ್ನು ಫ್ರಾನ್ಸಿನ ಮಠಕ್ಕೆ ಕಳುಹಿಸಿಬಿಡುವ ಸನ್ನಾಹ ನಡೆದಿತ್ತು.

1778ನೆಯ ಇಸವಿ ಮಾರ್ಚಿ ತಿಂಗಳ 30ನೆಯ ತಾರೀಖು ರಾತ್ರಿ ಸಾರಾ ಗಂಡುಡುಪನ್ನು ತೊಟ್ಟು, ಕೈಯಲ್ಲೊಂದು ಪಿಸ್ತೂಲನ್ನೂ ಕಂಕುಳಲ್ಲಿ ಫ್ರಿಸ್ಕ್ ಎಂಬ ತನ್ನ ನಾಯಿಮರಿಯನ್ನೂ ಇಟ್ಟುಕೊಂಡು ನಡುಮನೆಯ ಕಿಟಕಿಯಿಂದ ಹೊರಕ್ಕೆ ಧುಮುಕಿದಳು. ಎಲಿನರಳೂ ಗಂಡುವೇಷದಲ್ಲಿ ಕುದುರೆಯೇರಿ ಬಂದು ಕೂಡಿಕೊಂಡಳು. ಇಬ್ಬರೂ ವಾಟರ್‌ಫೋರ್ಡಿನ ರೇವಿಗೆ ಓಡಿದರು, ಹಡಗು ತಪ್ಪಿತು, ಕೊಟ್ಟಿಗೆಯೊಂದರಲ್ಲಿ ಅಡಗಿಕೊಂಡಿದ್ದು, ಕೊನೆಗೆ ಬೆನ್ನಟ್ಟಿ ಬಂದ ಬಂಧುಗಳ ಕೈಗೆ ಸಿಕ್ಕಿಬಿದ್ದರು. ಚಳಿಯಲ್ಲಿ ನೆನೆದ ಸಾರಳಿಗೆ ಜ್ವರ ಹತ್ತಿತು. ಎಲಿನರಳನ್ನು ಭಾವನ ಮನೆಯಲ್ಲಿಟ್ಟು ಕಾದರು.

ಹಿಡಿದು ತಂದವರ ಮನಸ್ಸಿನಲ್ಲಿ ಅತಿಶಯವಾಗಿದ್ದುದು ಕೋಪವಲ್ಲ, ಸಮಾಧಾನ! ಈ ಪಲಾಯನದಲ್ಲಿ ಗಂಡಸರಾರೂ ಸೇರಿರಲಿಲ್ಲ, ಆದುದರಿಂದ ಮನೆತನದ ಮಾನಕ್ಕೆ ಕುಂದಿಲ್ಲ, ಇದೊಂದು ಭಾವಾತಿರೇಕದ ಗೆಳೆತನ ಮಾತ್ರ, ಎಂದು ಅವರು ತಮ್ಮತಮ್ಮಲ್ಲಿ ಬರೆದುಕೊಂಡರು. ಇಬ್ಬರು ಹೆಂಗಸರ ನಡುವೆ, ಪ್ರಾಣದ ಹಂಗನ್ನೂ ತೊರೆದು ಓಡುವಂತಹ ಮತ್ತಾವ ಬಂಧವಿರಲು ಸಾಧ್ಯ ಎಂಬ ಪ್ರಶ್ನೆಯೇ ಅವರಿಗೆ ಹೊಳೆಯಲಿಲ್ಲ. ಈ ಹೊಳೆಯದಿರುವಿಕೆಯೇ ಮುಂದೆ ಐವತ್ತು ವರ್ಷ ಅವರಿಬ್ಬರನ್ನು ಕಾಪಾಡಿತೆಂದರೆ ತಪ್ಪಾಗದು.

ಎಲಿನರಳು ಮತ್ತೆ ತಪ್ಪಿಸಿಕೊಂಡಳು. ಈ ಸಲ ರೇವಿಗೆ ಹೋಗಲಿಲ್ಲ. ನೆಟ್ಟಗೆ ವುಡ್‌ಸ್ಟಾಕಿಗೆ ಬಂದು, ಸಾರಳ ಕೋಣೆಯೊಳಕ್ಕೆ ನುಸುಳಿ ಅಲ್ಲಿಯೇ ಅಡಗಿಕೊಂಡಳು. ಮೇರಿ ಕ್ಯಾರಿಲ್ ಎಂಬ ದಾಸಿ ಗುಟ್ಟಾಗಿ ಊಟವನ್ನು ತಂದುಕೊಡುತ್ತಿದ್ದಳು. ವಿಷಯ ಬಯಲಾದಾಗ ಮಗಳನ್ನು ಕರೆತರಲು ತಂದೆಯ ಕಡೆಯವರು ಯಾರನ್ನೂ ಕಳುಹಿಸಲಿಲ್ಲ. ಉಳಿದವರು ಸಾರಳಿಗೆ ಬಗೆಬಗೆಯಾಗಿ ಬುದ್ಧಿ ಹೇಳಿದರು. ತಾನು ಬಟ್ಲರಳೊಡನೆ ಬಾಳುವೆನು, ಆಕೆಯೊಡನೆಯೇ ಸಾಯುವೆನು ಎಂದಳೇ ಹೊರತು ಬೇರೆ ಮಾತಿಲ್ಲ. ಹಿರಿಯರಿಗೆ ಸಾಕಾಯಿತು. ಮೇ ತಿಂಗಳಲ್ಲಿ ಅವರು ಹಡಗು ಹತ್ತಿದರು. ಮತ್ತೆಂದೂ ಐರ್ಲೆಂಡಿಗೆ ಹಿಂದಿರುಗಿ ಬಾಳಲಿಲ್ಲ.

ವೇಲ್ಸಿನಲ್ಲಿ ಅಲೆದಾಡಿ, 1780ರಲ್ಲಿ ಲ್ಯಾಂಗೊಲೆನ್ನಿನ ಆ ಮನೆಯನ್ನು ಬಾಡಿಗೆಗೆ ಹಿಡಿದರು. ಸಾಮಾನ್ಯ ಕಲ್ಲಿನ ಮನೆಗೆ ಪ್ಲಾಸ್ ನೆವಿದ್ ಎಂಬ ದೊಡ್ಡ ಹೆಸರನ್ನಿಟ್ಟರು. ಆ ದೇಶದ ಮಾತಿನಲ್ಲಿ ಹೊಸ ದೊಡ್ಡಮನೆ ಎಂದರ್ಥ. ಹೊಸಮನೆ, ದೊಡ್ಡಮನೆ ಎಂಬ ಹೆಸರುಗಳು ನಮ್ಮ ಮಲೆನಾಡಿನಲ್ಲಿ ಎಷ್ಟಿಲ್ಲ! ಆ ಹೆಸರಿಗೆ ತಕ್ಕಂತೆ ಅದನ್ನು ಮಾಡುವುದರಲ್ಲಿಯೇ ಅವರ ಆಯುಸ್ಸು ಕಳೆಯಿತು. ಹಳೆಯ ಓಕ್ ಮರದ ಕೆತ್ತನೆಯ ತುಂಡುಗಳನ್ನು ಸಿಕ್ಕಿದ ಕಡೆಯಿಂದಲೆಲ್ಲ ತರಿಸಿ ಬಾಗಿಲಿಗೂ ಗೋಡೆಗೂ ಜೋಡಿಸಿದರು. ಬರುವ ಅತಿಥಿಗಳು ಫಲತಾಂಬೂಲಕ್ಕೆ ಬದಲಾಗಿ ಕೆತ್ತನೆಯ ಮರವನ್ನೇ ಕಾಣಿಕೆ ತರುವ ಪದ್ಧತಿಯಾಯಿತು. ಹಾಳುಬಿದ್ದ ಮಠವೊಂದರ ಕಲ್ಲುತೊಟ್ಟಿಯನ್ನು ತೋಟದಲ್ಲಿ ನಿಲ್ಲಿಸಿದರು. ಗುಲಾಬಿ, ತರಕಾರಿ, ಕ್ಷೀರಶಾಲೆ ಎಲ್ಲವೂ ಉಂಟು; ಹಸುವಿನ ಹೆಸರು ಮಾರ್ಗರೆಟ್.

ಹಣವಿರಲಿಲ್ಲ. ಬಂಧುಗಳು ಕೊಡುತ್ತಿದ್ದ ಅಲ್ಪ ವರ್ಷಾಶನ ಹೊತ್ತಿಗೆ ಸರಿಯಾಗಿ ಬರುತ್ತಿರಲಿಲ್ಲ. 1783ರಲ್ಲಿ ತೀರಿಕೊಂಡ ಎಲಿನರಳ ತಂದೆ ಮಗಳಿಗೆ ಏನನ್ನೂ ಬಿಡಲಿಲ್ಲ. ಸಾಲದ ಮೇಲೆ ಸಾಲವಾಯಿತು. ಬಳಿಕ ಸರ್ಕಾರದಿಂದ ಒಂದು ವಿಶ್ರಾಂತಿವೇತನ ದೊರೆತು ಉಸಿರಾಡುವಂತಾಯಿತು. ಲೆಕ್ಕದ ಪುಸ್ತಕವನ್ನು ಬರೆಯುತ್ತಿದ್ದವಳು ಸಾರಾ. ದಿನಚರಿಯನ್ನು ಬರೆಯುತ್ತಿದ್ದವಳು ಎಲಿನರ್. ಬೆಳಗ್ಗೆ ಎದ್ದುದು, ತೋಟದಲ್ಲಿ ಸುತ್ತಿದುದು, ಫ್ರೆಂಚ್ ಪುಸ್ತಕವನ್ನು ಓದಿದುದು, ತೋಟದವನ ಮೇಲೆ ರೇಗಿದುದು, ರಾತ್ರಿ ಒಲೆಯ ಮುಂದೆ ಕುಳಿತುದು: ಇಂಥವೇ ಪುಟಪುಟಕ್ಕೂ. ಸಾರಳನ್ನು ಆಕೆ ಹೆಸರಿನಿಂದ ಕರೆಯುವುದು ಅಪೂರ್ವ, ಪ್ರಿಯಳೆಂದೇ ಬರೆಯುತ್ತಾಳೆ. ಎಲಿನರಳಿಗೆ ಭಯಂಕರವಾದ ತಲೆನೋವು ಬರುತ್ತಿದ್ದಿತು. ಅಂತಹ ದಿನಗಳಲ್ಲಿ ತನ್ನ ಪ್ರಿಯಳು ಹಾಸಿಗೆಯ ಪಕ್ಕವನ್ನು ಬಿಟ್ಟೇಳಲಿಲ್ಲವೆಂದು ಕೃತಜ್ಞತೆಯಿಂದ ಬರೆದಿಟ್ಟಿದ್ದಾಳೆ. ಇಬ್ಬರಿಗೂ ಮಲಗಲು ಒಂದೇ ಹಾಸಿಗೆ. ಪುಸ್ತಕಗಳ ಮೇಲೆ ಇಬ್ಬರ ಹೆಸರಿನ ಮೊದಲಕ್ಷರಗಳೂ ಜೊತೆಯಾಗಿ ಅಚ್ಚಾಗಿದ್ದವು. ನಾಯಿಯೊಂದಕ್ಕೆ ಸಾಫೊ ಎಂದು ಹೆಸರು. ಪ್ರಾಚೀನ ಗ್ರೀಸಿನಲ್ಲಿ ಹೆಣ್ಣುಗಳ ಮೇಲೆ ಪ್ರೇಮಗೀತಗಳನ್ನು ರಚಿಸಿದ ಕವಯಿತ್ರಿಯ ಹೆಸರಿದು. ಬೇಕೆಂದೇ ಇಟ್ಟರೋ, ವಿನೋದಕ್ಕಿಟ್ಟರೋ, ವಾಚಕರೇ ಊಹಿಸಿಕೊಳ್ಳಬಹುದು.

ನಲವತ್ತು ವರ್ಷಗಳ ಕಾಲ ಒಂದು ರಾತ್ರಿಯಾದರೂ ಮನೆಯಿಂದ ಹೊರಗೆ ತಂಗಲಿಲ್ಲವೆಂಬುದು ಅವರ ಖ್ಯಾತಿ. 1820ರಲ್ಲಿ ಆಸ್‌ವೆಸ್ಟ್ರಿಯ ನಾಟಕಶಾಲೆಗೆ ಬಂದಿದ್ದ ಅವರನ್ನು ರಂಗದ ಮೇಲಿನಿಂದ ಕಂಡ ನಟ ಚಾರ್ಲ್ಸ್ ಮ್ಯಾಥ್ಯೂಸನಿಗೆ ಅವರು ಇಬ್ಬರು ಮುದಿ ಪಾದ್ರಿಗಳಂತೆ ತೋರಿದರು. ನಗು ತಡೆಯಲಾರದೆ ಪಾತ್ರವನ್ನು ನಿರ್ವಹಿಸುವುದೇ ಕಷ್ಟವಾಯಿತಂತೆ. ಆ ರಾತ್ರಿಯೂ ಅವರು ಗಾಡಿ ಹೂಡಿಸಿಕೊಂಡು ಮನೆಗೇ ಹಿಂದಿರುಗಿದರು.

ನಗುವವರು ನಕ್ಕರು, ಅದರಿಂದ ಅವರಿಗೆ ನೋವಾದಂತೆ ಕಾಣದು. ನೋವಾದುದು ಒಂದೇ ಸಲ. 1790ನೆಯ ಇಸವಿ ಜುಲೈ ತಿಂಗಳಲ್ಲಿ ಲಂಡನ್ನಿನ ಜನರಲ್ ಈವ್‌ನಿಂಗ್ ಪೋಸ್ಟ್ ಎಂಬ ಪತ್ರಿಕೆ ಅವರನ್ನು ಕುರಿತು ಒಂದು ಲೇಖನವನ್ನು ಅಚ್ಚುಹಾಕಿತು. ಸ್ತ್ರೀಯರ ನಡುವಣ ಅಸಾಧಾರಣವಾದ ಪ್ರೀತಿ ಎಂದು ಅದರ ತಲೆಬರಹ. ಎಲಿನರಳು ಎತ್ತರವಾಗಿ ಗಂಡಸಿನಂತಿರುವಳೆಂದೂ, ಸಾರಾ ನಯನಾಜೂಕಿನ ಹೆಣ್ಣೆಂದೂ ಅದರಲ್ಲಿ ಬರೆದಿದ್ದಿತು. ಬರೆದವನು ಅವರನ್ನು ಕಣ್ಣಿನಿಂದ ಕಂಡವನೇ ಅಲ್ಲ. ಎಲಿನರಳು ಗುಜ್ಜಾಗಿ ದಪ್ಪಗಿದ್ದ ಹೆಂಗಸು! ಆದರೆ ಸುಳ್ಳಿನ ಹಿಂದೆ ಸೂಚಿಸಬೇಕೆಂದಿದ್ದ ಮಾತು ಎಲ್ಲರಿಗೂ ತಿಳಿಯುವಂತಹುದು. ಒಡತಿಯರು ಪತ್ರಿಕೆಯನ್ನು ತರಿಸುವುದನ್ನು ನಿಲ್ಲಿಸಿದರು. ಮೊಕದ್ದಮೆ ಹೂಡಬಹುದೇ ಎಂದು ತಮಗೆ ಪರಿಚಿತನಾಗಿದ್ದ ಎಡ್ಮಂಡ್ ಬರ್ಕನನ್ನು ಕೇಳಿದರು. ವಾರನ್ ಹೇಸ್ಟಿಂಗ್ಸನ ಮೇಲೆ ಪಾರ್ಲಿಮೆಂಟಿನಲ್ಲಿ ವರ್ಷಗಟ್ಟಲೆ ವಾದಿಸುತ್ತಿದ್ದ ಆ ಮಹಾವಾಗ್ಮಿಯೇ ಇವನು. ಇಂತಹ ವಿಷಯದಲ್ಲಿ ನ್ಯಾಯಸ್ಥಾನದಿಂದ ಪರಿಹಾರ ದೊರಕುವುದು ಕಷ್ಟವೆಂದು ಸಮಾಧಾನ ಹೇಳಿ ಬರ್ಕನು ಕಾಗದ ಬರೆದನು. ಮೊಕದ್ದಮೆ ಹೂಡಿದ್ದರೆ, ಪತ್ರಿಕೆ ಅರ್ಧ ಹೇಳಿದುದನ್ನು ನ್ಯಾಯಸ್ಥಾನದಲ್ಲಿ ವಕೀಲರು ಪೂರ್ತಿ ಹೇಳುತ್ತಿದ್ದರೆಂಬುದು ಬರ್ಕನಂತಹವನಿಗೆ ತಿಳಿಯದ ವಿಷಯವಲ್ಲ.

ಅವರು ಗಂಡಸರಾಗಿದ್ದರೆ ಕಥೆಯೇ ಬೇರೆಯಾಗುತ್ತಿದ್ದಿತು. ಪುರುಷರ ನಡುವಣ ಸಂಬಂಧಕ್ಕೆ ಇಂಗ್ಲೆಂಡಿನಲ್ಲಿ 1533ರಿಂದ ಮರಣದಂಡನೆಯಿದ್ದಿತು. ವರ್ಡ್ಸ್‌ವರ್ತನು ಈ ಮನೆಯ ತೋಟದಲ್ಲಿ ಸುನೀತ ಬರೆದು ಹನ್ನೊಂದು ವರ್ಷಗಳಾದ ಮೇಲೆ, 1835ರಲ್ಲಿ, ಜೇಮ್ಸ್ ಪ್ರ್ಯಾಟ್ ಮತ್ತು ಜಾನ್ ಸ್ಮಿತ್ ಎಂಬ ಇಬ್ಬರು ಬಡವರನ್ನು ಈ ಕಾರಣಕ್ಕಾಗಿ ಲಂಡನ್ನಿನಲ್ಲಿ ಗಲ್ಲಿಗೇರಿಸಿದರು. ಆ ಅಪರಾಧಕ್ಕಾಗಿ ಗಲ್ಲಿಗೇರಿದವರಲ್ಲಿ ಅವರೇ ಕೊನೆಯವರು. ಮರಣದಂಡನೆ ತಪ್ಪಿದರೂ ಕಾನೂನು ತಪ್ಪಲಿಲ್ಲ. 1860ರ ಭಾರತ ದಂಡಸಂಹಿತೆಯ 377ನೆಯ ಕಲಮಾಗಿ ಅದು ನಮ್ಮ ದೇಶಕ್ಕೂ ಬಂದು, ಪ್ರಾಪ್ತವಯಸ್ಕರು ಪರಸ್ಪರ ಸಮ್ಮತಿಯಿಂದ ನಡೆಸುವ ಬಾಳಿಗೆ ಅದು ಅನ್ವಯಿಸಕೂಡದೆಂದು 2018ನೆಯ ಇಸವಿ ಸೆಪ್ಟೆಂಬರ್ 6ರಂದು ನಮ್ಮ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಡುವವರೆಗೆ ಉಳಿಯಿತು. ಸ್ತ್ರೀಯರ ಮಾತನ್ನು ಆ ಹಳೆಯ ಇಂಗ್ಲಿಷ್ ಕಾನೂನು ಎತ್ತಲೇ ಇಲ್ಲ. ಒಂದೇ ಸಮಾಜ, ಒಂದೇ ಶತಮಾನ. ಇಬ್ಬರು ಗಂಡಸರಿಗೆ ಗಲ್ಲುಗಂಬ, ಇಬ್ಬರು ಹೆಂಗಸರಿಗೆ ಕವಿಗಳ ಕಾಣಿಕೆ! ಕವಿ ಬೈರನ್ನನಂತೂ ತನ್ನ 1814ರ ಕಾವ್ಯವನ್ನು ಒಡತಿಯರಿಗೆ ಕಳುಹಿಸಿಕೊಟ್ಟನು. ಅದಕ್ಕೆ ಏಳು ವರ್ಷ ಮುಂಚೆ, ಕಾಲೇಜಿನಲ್ಲಿ ತನಗೆ ಪ್ರಿಯನಾಗಿದ್ದ ಹಾಡುಗಾರ ಹುಡುಗನೊಬ್ಬನನ್ನು ಕುರಿತು ಬರೆಯುತ್ತ, ತಮ್ಮಿಬ್ಬರ ಪ್ರೀತಿಯ ಮುಂದೆ ಲ್ಯಾಂಗೊಲೆನ್ನಿನವರೂ ನಾಚಬೇಕೆಂದು ಹೇಳಿದ್ದವನು ಈತನೇ. ಬಲ್ಲವರಿಗೆ ಆಗಲೇ ಇವರ ಹೆಸರು ಒಂದು ಸಂಕೇತವಾಗಿದ್ದಿತೆಂದು ಇದರಿಂದ ಕಾಣುತ್ತದೆ.

ಆದರೆ ಈ ಇಬ್ಬರ ಸಂಬಂಧ ಎಂತಹುದು? ಈಚಿನ ಇತಿಹಾಸಕಾರರನ್ನು ಬಹಳ ಕಾಡಿದ ಪ್ರಶ್ನೆ ಇದು. 1971ರಲ್ಲಿ ಅವರ ಚರಿತ್ರೆಯನ್ನು ಬರೆದ ಎಲಿಜಬೆತ್ ಮೇವರಳು, ಇದು ಆ ಶತಮಾನದಲ್ಲಿ ವಾಡಿಕೆಯಾಗಿದ್ದ ಭಾವಪೂರ್ಣ ಸಖ್ಯ, ಅದನ್ನು ನಮ್ಮ ಕಾಲದ ಹೆಸರಿನಿಂದ ಕರೆಯಲಾಗದೆಂದು ವಾದಿಸಿದಳು. ಇದು ಸಲಿಂಗ ಪ್ರೇಮವಲ್ಲದೆ ಮತ್ತೇನೆಂದು ಬೇರೆಯವರು ಕೇಳಿದರು. ಎರಡೂ ಪಕ್ಷದವರು ಶೋಧಿಸಿದ್ದು ಅದೇ ದಿನಚರಿಯನ್ನು. ದಿನಚರಿಯಾದರೋ ಹಸುವಿನ ವಿಷಯವನ್ನೂ ಮಳೆಯ ವಿಷಯವನ್ನೂ ಹೇಳುವುದೇ ಹೊರತು ಶಯ್ಯಾಗೃಹದ ವಿಷಯವನ್ನು ಹೇಳುವುದಿಲ್ಲ.

ಈ ವಾದದಲ್ಲಿ ನನಗೆ ಒಂದು ವಿಪರೀತ ಕಾಣುತ್ತದೆ. ಗಂಡಹೆಂಡಿರಿಬ್ಬರು ಐವತ್ತು ವರ್ಷ ಒಂದು ಸೂರಿನಡಿಯಲ್ಲಿ ಬಾಳಿದರೆ, ಅವರು ದಂಪತಿಗಳೆಂಬುದಕ್ಕೆ ಯಾವ ಚರಿತ್ರಕಾರನೂ ಶಯ್ಯಾಗೃಹದ ಸಾಕ್ಷ್ಯವನ್ನು ಬೇಡುವುದಿಲ್ಲ. ಒಂದು ಒಲೆ, ಒಂದು ಲೆಕ್ಕ, ಒಂದು ಸಾಲ, ಕಾಯಿಲೆಯಲ್ಲಿ ಒಬ್ಬರಿಗೊಬ್ಬರ ಶುಶ್ರೂಷೆ, ಕಾಗದಗಳ ಕೆಳಗೆ ಇಬ್ಬರ ಹೆಸರು: ಇಷ್ಟು ಸಾಕಾಗುತ್ತದೆ. ಇವರ ವಿಷಯದಲ್ಲಿ ಮಾತ್ರ ಇಷ್ಟೂ ಸಾಲದೆಂದೇಕೆ ಹೇಳಬೇಕು? ಮನೆ ನಡೆಸಿದವರಾರೂ ಈ ಜಮಾಖರ್ಚಿನ ಪುಸ್ತಕವನ್ನು ನೋಡಿ ಇದು ಇಬ್ಬರು ಗೆಳತಿಯರ ಬಿಡಾರವೆನ್ನಲಾರರು. ವೇಲ್ಸಿನಲ್ಲಿ ಇಬ್ಬರು ಸ್ತ್ರೀಯರು ಕಾನೂನು ಪ್ರಕಾರ ವಿವಾಹವಾಗುವುದು 2014ರಿಂದ ಸಾಧ್ಯವಾಯಿತು. ಎಲಿನರ್ ಮತ್ತು ಸಾರಾ ಅದಕ್ಕೆ ಎರಡು ಶತಮಾನಗಳಿಗೂ ಮುಂಚೆಯೇ ಕಾನೂನನ್ನು ಕೇಳದೆ ಸಂಸಾರ ಹೂಡಿದ್ದರೆಂಬುದು ನನ್ನ ಅಭಿಪ್ರಾಯ.

ಈ ಅಭಿಪ್ರಾಯ ಇಂದು ಹುಟ್ಟಿದುದೂ ಅಲ್ಲ. 1822ನೆಯ ಇಸವಿ ಜುಲೈ ತಿಂಗಳಲ್ಲಿ, ಯಾರ್ಕ್‌ಷೈರಿನ ಹ್ಯಾಲಿಫಾಕ್ಸಿನ ಹತ್ತಿರ ಷಿಬ್ಡನ್ ಹಾಲ್ ಎಂಬ ಮನೆತನದ ಆನ್ ಲಿಸ್ಟರಳು ಈ ಮನೆಯ ಬಾಗಿಲಿಗೆ ಬಂದಳು. ಮೂವತ್ತೊಂದು ವರ್ಷದ ಈಕೆ ಹೆಣ್ಣುಗಳನ್ನಲ್ಲದೆ ಗಂಡಸರನ್ನು ಪ್ರೀತಿಸಲಾರಳು. ಅದನ್ನು ಆಕೆ ಬಲ್ಲಳು. ಮರೆಮಾಚದೆ ದಿನಚರಿಯಲ್ಲಿ ಬರೆದಿಟ್ಟಿದ್ದಾಳೆ. ಆದರೆ ಗ್ರೀಕ್ ಅಕ್ಷರಗಳನ್ನೂ ಬೀಜಗಣಿತದ ಚಿಹ್ನೆಗಳನ್ನೂ ಬೆರೆಸಿ ತಾನೇ ಕಲ್ಪಿಸಿದ ಗೂಢಲಿಪಿಯಲ್ಲಿ! ಎಲಿನರಳು ಕಾಯಿಲೆಯಿಂದ ಮಲಗಿದ್ದಳು. ಅರವತ್ತೇಳರ ಸಾರಾ ಒಬ್ಬಳೇ ಹೊರಗೆ ಬಂದು ಮಾತನಾಡಿದಳು, ತೋಟವನ್ನು ತೋರಿಸಿದಳು, ಹೊರಡುವಾಗ ಒಂದು ಗುಲಾಬಿಯನ್ನು ಕಿತ್ತುಕೊಟ್ಟಳು. ಅವರದು ಬರಿಯ ಸ್ನೇಹವೆಂದು ನಂಬಲು ತನ್ನ ಮನಸ್ಸು ಒಪ್ಪಲಿಲ್ಲವೆಂದು ಆನ್ ಬರೆದುಕೊಂಡಳು. ತನ್ನಂತಹವಳೊಬ್ಬಳನ್ನು ತಾನು ಕಂಡೆನೆಂಬ ಭಾವ ಅದು. ಆ ಗುಲಾಬಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವ ಆಸೆಯೂ ಆಕೆಗಿದ್ದಿತು.

ಹನ್ನೆರಡು ವರ್ಷಗಳ ಮೇಲೆ, 1834ರ ಈಸ್ಟರ್ ಹಬ್ಬದಂದು, ಯಾರ್ಕ್ ನಗರದ ಒಂದು ಚರ್ಚಿನಲ್ಲಿ ಆನ್ ಲಿಸ್ಟರಳು ಆನ್ ವಾಕರಳೆಂಬ ನೆರೆಯ ಹೆಣ್ಣಿನೊಡನೆ ಪ್ರಸಾದವನ್ನು ಸ್ವೀಕರಿಸಿ, ಅದನ್ನೇ ತಮ್ಮ ವಿವಾಹವೆಂದು ಎಣಿಸಿದಳು. 1840ರಲ್ಲಿ ಕಾಕಸಸ್ ಪರ್ವತಗಳ ಕಡೆ ಪ್ರಯಾಣಮಾಡುತ್ತ ಜ್ವರದಿಂದ ತೀರಿಕೊಂಡಳು. 1890ರ ದಶಕದಲ್ಲಿ ಆ ವಂಶದ ಜಾನ್ ಲಿಸ್ಟರನೂ ಆತನ ಮಿತ್ರನೊಬ್ಬನೂ ಗೂಢಲಿಪಿಯನ್ನು ಬಿಡಿಸಿ ಬೆಚ್ಚಿಬಿದ್ದರು. ಸುಟ್ಟುಬಿಡೆಂದು ಮಿತ್ರನು ಹೇಳಿದನು. ಜಾನನು ಸುಡಲಿಲ್ಲ, ಗೋಡೆಯ ಹಲಗೆಯ ಹಿಂದೆ ಬಚ್ಚಿಟ್ಟನು. ಆ ಗುಟ್ಟಿನ ಭಾಗಗಳು ಜನರ ಕೈಗೆ ಪುಸ್ತಕವಾಗಿ ಬಂದುದು 1988ರಲ್ಲಿ. ಒಬ್ಬ ಮನುಷ್ಯ ಅಂದು ಬೆಂಕಿ ಹಚ್ಚಿದ್ದರೆ, ಸಾರಾ ಕೊಟ್ಟ ಆ ಗುಲಾಬಿಯ ಕಥೆ ನಮಗೆ ತಿಳಿಯುತ್ತಿರಲಿಲ್ಲ. ಹೀಗೆ ಉಳಿಯದೆ ಸುಟ್ಟುಹೋದ ಕಾಗದಗಳು ಎಷ್ಟು ಮನೆಗಳಲ್ಲಿದ್ದುವೋ!

ಎಲಿನರಳು 1829ನೆಯ ಇಸವಿ ಜೂನ್ 2ರಂದು ತನ್ನ ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ಆ ವೇಳೆಗೆ ಆಕೆಗೆ ಕಣ್ಣು ಕಾಣುತ್ತಿರಲಿಲ್ಲ. ಸಾರಾ ಅದೇ ಮನೆಯಲ್ಲಿ ಒಬ್ಬಳೇ ಇದ್ದು, 1831ನೆಯ ಇಸವಿ ಡಿಸೆಂಬರ್ 9ರಂದು ಹಿಂಬಾಲಿಸಿದಳು. ಮರುವರ್ಷ ಮನೆಯ ಸಾಮಾನುಗಳೆಲ್ಲ ಹರಾಜಿಗೆ ಬಂದು, ಎರಡು ಹೆಸರುಗಳ ಅಚ್ಚಿದ್ದ ಪುಸ್ತಕಗಳು ಊರೂರಿಗೆ ಚೆದರಿಹೋದವು. ಮನೆ ಮಾತ್ರ ಉಳಿದಿದೆ. ಈಗ ಅದೊಂದು ವಸ್ತುಸಂಗ್ರಹಾಲಯ.

ಅವರ ಸಮಾಧಿ ಊರಿನ ಸಂತ ಕೊಲೆನ್ ಚರ್ಚಿನ ಅಂಗಳದಲ್ಲಿದೆ. ಅದು ಮೂರು ಮುಖಗಳ ಕಲ್ಲು. ಒಂದು ಮುಖದ ಮೇಲೆ ಮೇರಿ ಕ್ಯಾರಿಲಳ ಹೆಸರಿದೆ. ವುಡ್‌ಸ್ಟಾಕಿನ ಕೋಣೆಗೆ ಗುಟ್ಟಾಗಿ ಊಟ ತಂದುಕೊಟ್ಟ ಆ ದಾಸಿಯೇ ಈಕೆ. ಇವರೊಡನೆಯೇ ಬಂದು, ಕೊನೆಯವರೆಗೂ ಇವರ ಮನೆಯಲ್ಲಿಯೇ ಇದ್ದು, ಕೂಡಿಟ್ಟ ಹಣದಿಂದ ಕೊಂಡಿದ್ದ ಹೊಲವನ್ನು ಸಾರಳಿಗೇ ಬಿಟ್ಟು 1809ರಲ್ಲಿ ತೀರಿಕೊಂಡಳು. ಆಗ ಒಡತಿಯರು ಆ ಕಲ್ಲನ್ನು ನಿಲ್ಲಿಸಿದರು. ಎರಡನೆಯ ಮುಖದ ಮೇಲೆ ಎಲಿನರಳ ಹೆಸರನ್ನು ಕೆತ್ತಿಸಿದ ಮೇಲೆ ಮೂರನೆಯ ಮುಖ ಎರಡು ವರ್ಷ ಆರು ತಿಂಗಳು ಬರಿದಾಗಿದ್ದಿತು.